ಸೆಕೆಂಡ್ ಹ್ಯಾಂಡ್ ಕಾರು: ಕೊಳ್ಳುವ ಮುನ್ನ ತಪಾಸಣೆ ಹೇಗೆ? ನಂಬಿಕೆಗಳಲ್ಲಿ ನಿಜವೆಷ್ಟು?

ಭಾನುವಾರ ಬೆಳಿಗ್ಗೆ ವಿಜಯನಗರ ಅಥವಾ ಬಸವೇಶ್ವರನಗರದ ಅಡ್ಡರಸ್ತೆಗಳಲ್ಲಿ ಈ ದೃಶ್ಯ ಅಪರೂಪವೇನಲ್ಲ. ತೊಳೆದು ಪಾಲಿಶ್ ಹಾಕಿದ ಒಂದು ಕಾರು, ಬಾನೆಟ್ ಎತ್ತಿದೆ, ಸುತ್ತ ನಾಲ್ಕು ಜನ. ಒಬ್ಬರು ಟೈರು ಒದ್ದು ನೋಡುತ್ತಾರೆ. ಇನ್ನೊಬ್ಬರು ಎಂಜಿನ್ ಶಬ್ದಕ್ಕೆ ಕಿವಿಗೊಟ್ಟು "ಸ್ಮೂತ್ ಆಗಿದೆ ಬಿಡಿ" ಎನ್ನುತ್ತಾರೆ. "ಸಿಂಗಲ್ ಓನರ್ ಗಾಡಿ ಸಾರ್, ಆಫೀಸಿಗೆ ಮಾತ್ರ ಓಡಿಸಿರೋದು" ಎಂದು ಮಾರುವವರು ಹೇಳುತ್ತಾರೆ. ವೆಸ್ಟ್ ಆಫ್ ಕಾರ್ಡ್ ರೋಡಿನಲ್ಲಿ ಒಂದು ಸುತ್ತು, ಆಮೇಲೆ ಟೋಕನ್ ಅಡ್ವಾನ್ಸ್. ಮೂರೋ ನಾಲ್ಕೋ ಲಕ್ಷದ ವ್ಯವಹಾರ ಅರ್ಧ ಗಂಟೆಯಲ್ಲಿ ಕುದುರಿಬಿಡುತ್ತದೆ.

ಹೊಸ ಕಾರಿಗಾದರೆ ಕಂಪನಿಯ ವಾರಂಟಿ ಇರುತ್ತದೆ. ಇಬ್ಬರು ವ್ಯಕ್ತಿಗಳ ನಡುವೆ ಕೈಬದಲಾಗುವ ಹಳೆಯ ಕಾರಿಗೆ ಅಂಥ ಆಸರೆಯಿಲ್ಲ. ಹಣ ಕೊಟ್ಟ ಮೇಲೆ ಗೇರ್ ಬಾಕ್ಸ್ ಕೈಕೊಟ್ಟರೆ ಖರ್ಚು ಕೊಂಡವರದೇ. ಹಣಕ್ಕಿಂತ ದೊಡ್ಡ ವಿಷಯವೂ ಇದೆ: ಅಪಘಾತದಲ್ಲಿ ನಜ್ಜುಗುಜ್ಜಾಗಿ, ಬೆಸುಗೆ ಹಾಕಿ ಬಣ್ಣ ಬಳಿದ ಕಾರು ಎರಡನೇ ಡಿಕ್ಕಿಯಲ್ಲಿ ಒಳಗಿರುವವರನ್ನು ಮೊದಲಿನಂತೆ ಕಾಪಾಡಲಾರದು. ಹಾಗಾಗಿ ಈ ಲೇಖನದಲ್ಲಿ ನಾವು ಏನನ್ನು ನೋಡಬೇಕು ಎನ್ನುವುದರ ಜೊತೆಗೆ, ಜನ ಸಾಮಾನ್ಯವಾಗಿ ನೋಡುವ ಗುರುತುಗಳಲ್ಲಿ ಯಾವುದು ಎಷ್ಟು ನಂಬಿಕೆಗೆ ಅರ್ಹ ಎನ್ನುವುದನ್ನೂ ವಿವರಿಸುತ್ತೇವೆ.

ಮೊದಲು ನಂಬರು, ಆಮೇಲೆ ಕಾರು

ಕಾರು ನೋಡಲು ಹೊರಡುವ ಮೊದಲೇ ನೋಂದಣಿ ಸಂಖ್ಯೆ ಕೇಳಿ ಪಡೆಯಿರಿ. ಕೆಎ-02 ಎಂದರೆ ರಾಜಾಜಿನಗರದ ಆರ್‌ಟಿಒ, ಕೆಎ-41 ಎಂದರೆ ಕೆಂಗೇರಿ ಕಡೆಯ ಜ್ಞಾನಭಾರತಿ ಆರ್‌ಟಿಒ. ಕೇಂದ್ರ ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ಅಥವಾ ಎಂಪರಿವಾಹನ್ ಆ್ಯಪಿನಲ್ಲಿ ಈ ಸಂಖ್ಯೆ ಹಾಕಿದರೆ ನೋಂದಣಿಯಾದ ದಿನಾಂಕ, ಇಂಧನ, ಆರ್‌ಸಿ ಎಲ್ಲಿಯವರೆಗೆ ಚಾಲ್ತಿಯಲ್ಲಿದೆ, ವಿಮೆ ಮತ್ತು ಎಮಿಷನ್ ಪ್ರಮಾಣಪತ್ರ ಯಾವಾಗ ಮುಗಿಯುತ್ತದೆ ಎಂಬುದು ಕಾಣುತ್ತದೆ. ಮಾಲೀಕರ ಹೆಸರಿನ ಕೆಲವು ಅಕ್ಷರಗಳನ್ನು ಮರೆಮಾಡಿರುತ್ತಾರೆ, ಆದರೂ ನಿಮ್ಮ ಮುಂದೆ ನಿಂತು ಮಾರುತ್ತಿರುವವರ ಹೆಸರಿಗೆ ಅದು ಹೊಂದುತ್ತದೋ ಇಲ್ಲವೋ ಗೊತ್ತಾಗುತ್ತದೆ. ನಂಬರು ಕೊಡಲು ಹಿಂಜರಿಯುವವರ ಕಾರನ್ನು ನೋಡಲು ಹೋಗದಿರುವುದೇ ಒಳ್ಳೆಯದು ಎನ್ನುವುದು ನಮ್ಮ ಅಭಿಪ್ರಾಯ.

ಸಾಲ ಇದೆಯೇ ಎನ್ನುವುದು ಮುಂದಿನ ಪ್ರಶ್ನೆ. ಬ್ಯಾಂಕ್ ಸಾಲದಲ್ಲಿ ಕೊಂಡ ಕಾರಿನ ಆರ್‌ಸಿಯಲ್ಲಿ ಹೈಪೋಥಿಕೇಷನ್ ನಮೂದಾಗಿರುತ್ತದೆ, ಆಡುಮಾತಿನಲ್ಲಿ 'ಎಚ್‌ಪಿ'. ಕಂತು ತೀರಿದ ಮಾತ್ರಕ್ಕೆ ಅದು ತಾನಾಗಿ ಅಳಿಸಿಹೋಗುವುದಿಲ್ಲ. ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಕೊಟ್ಟು ಆರ್‌ಟಿಒದಲ್ಲಿ ತೆಗೆಸಬೇಕು. "ಲೋನ್ ಎಲ್ಲ ಕ್ಲಿಯರ್ ಆಗಿದೆ, ಎಚ್‌ಪಿ ಆಮೇಲೆ ತೆಗೆಸಿಕೊಡ್ತೀನಿ" ಎಂಬ ಭರವಸೆಗೆ ಪೂರ್ತಿ ಹಣ ಕೊಟ್ಟುಬಿಡಬೇಡಿ.

ಬಾಕಿ ದಂಡವನ್ನೂ ನೋಡಿ. ಸಿಗ್ನಲ್ ದಾಟಿದ್ದಕ್ಕೆ, ವೇಗ ಮೀರಿದ್ದಕ್ಕೆ ಕ್ಯಾಮೆರಾ ಹಾಕುವ ದಂಡ ವಾಹನದ ನಂಬರಿಗೆ ಅಂಟಿಕೊಂಡಿರುತ್ತದೆ. 2023ರ ಫೆಬ್ರುವರಿಯಲ್ಲಿ ಸರ್ಕಾರ ಬಾಕಿ ದಂಡದ ಮೇಲೆ ಶೇ. 50 ರಿಯಾಯಿತಿ ಕೊಟ್ಟಾಗ ಬೆಂಗಳೂರಿನಲ್ಲಿ ಕಟ್ಟಲು ಮುಗಿಬಿದ್ದವರನ್ನು ನೆನೆಸಿಕೊಂಡರೆ, ಎಷ್ಟು ಗಾಡಿಗಳ ತಲೆಯ ಮೇಲೆ ಬಾಕಿ ಇತ್ತೆಂದು ಊಹಿಸಬಹುದು. ಬೆಂಗಳೂರು ಸಂಚಾರ ಪೊಲೀಸರ ಜಾಲತಾಣದಲ್ಲೋ ಕರ್ನಾಟಕ ಒನ್ ಕೇಂದ್ರದಲ್ಲೋ ನಂಬರು ಕೊಟ್ಟು ತಿಳಿದುಕೊಳ್ಳಬಹುದು. ಗಾಡಿ ಕಳವಿನದ್ದೇ ಎಂಬ ಸಂಶಯವಿದ್ದರೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ 'ವಾಹನ ಸಮನ್ವಯ' ವ್ಯವಸ್ಥೆಯಲ್ಲಿ ಹುಡುಕಲು ಅವಕಾಶವಿದೆ.

ಇವೆಲ್ಲಕ್ಕಿಂತ ಹೆಚ್ಚು ಮಾತಾಡುವ, ಆದರೆ ಹೆಚ್ಚಿನವರು ತೆರೆದೂ ನೋಡದ ಕಾಗದ ಒಂದಿದೆ: ವಿಮಾ ಪಾಲಿಸಿ. ಅದರಲ್ಲಿ 'ನೋ ಕ್ಲೇಮ್ ಬೋನಸ್' ಎಂಬ ಸಾಲು ಇರುತ್ತದೆ. ಒಂದು ವರ್ಷ ಪರಿಹಾರ ಕೇಳದಿದ್ದರೆ ಶೇ. 20, ಮುಂದೆ 25, 35, 45, ಐದು ವರ್ಷಕ್ಕೆ 50 ಹೀಗೆ ರಿಯಾಯಿತಿ ಏರುತ್ತದೆ. ಒಮ್ಮೆ ಕ್ಲೇಮ್ ಮಾಡಿದರೆ ಸಾಮಾನ್ಯವಾಗಿ ಸೊನ್ನೆಗೆ ಇಳಿಯುತ್ತದೆ. ಆರು ವರ್ಷದ ಕಾರು, ಒಬ್ಬರೇ ಮಾಲೀಕರು, "ಒಂದು ಗೀರೂ ಬಿದ್ದಿಲ್ಲ" ಎನ್ನುತ್ತಾರೆ, ಆದರೆ ಪಾಲಿಸಿಯಲ್ಲಿ ಬೋನಸ್ ಸೊನ್ನೆ. ಹಾಗಾದರೆ ಹಿಂದಿನ ವರ್ಷ ಏನಾಯಿತು ಎಂದು ಕೇಳಲು ನಿಮಗೆ ಕಾರಣ ಸಿಕ್ಕಿತು. ವಿಮೆ ನಡುವೆ ಕೆಲಕಾಲ ನಿಂತುಹೋಗಿದ್ದರೂ ಸೊನ್ನೆಯಾಗಬಹುದು, ಹಾಗಾಗಿ ಇದು ಸಾಕ್ಷಿಯಲ್ಲ, ಸುಳಿವು. ಹಿಂದಿನ ಎರಡು ಮೂರು ವರ್ಷದ ಪಾಲಿಸಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ.

ಕಾರಿನ ಹತ್ತಿರ ನಿಂತಾಗ ಆರ್‌ಸಿಯಲ್ಲಿರುವ ಚಾಸಿಸ್ ಸಂಖ್ಯೆಯನ್ನು ಕಾರಿನ ಮೇಲೆ ಕೊರೆದದ್ದರೊಂದಿಗೆ ಅಕ್ಷರ ಅಕ್ಷರವಾಗಿ ಹೋಲಿಸಿ. ಈಗಿನ ಚಾಸಿಸ್ ಸಂಖ್ಯೆಗೆ 17 ಅಕ್ಷರ–ಅಂಕಿಗಳು. ಮಾರುತಿ ಕಾರುಗಳದ್ದು ಎಂಎ3 ಎಂದೂ ಹ್ಯುಂಡೈ ಕಾರುಗಳದ್ದು ಎಂಎಎಲ್ ಎಂದೂ ಶುರುವಾಗುವುದನ್ನು ಕಾಣುತ್ತೀರಿ. ಒಂದು, ಸೊನ್ನೆಗಳ ಜೊತೆ ಗೊಂದಲ ಬೇಡವೆಂದು ಇಂಗ್ಲಿಷಿನ ಐ, ಒ, ಕ್ಯು ಅಕ್ಷರಗಳನ್ನು ಇದರಲ್ಲಿ ಬಳಸುವುದಿಲ್ಲ. ಸುತ್ತಲಿನ ಲೋಹ ಉಜ್ಜಿದಂತಿದ್ದರೆ, ಅಂಕಿಗಳು ಸಾಲು ತಪ್ಪಿದ್ದರೆ, ಬೆಲೆ ಎಷ್ಟೇ ಕಡಿಮೆಯಿದ್ದರೂ ಅಲ್ಲಿಂದ ಹೊರಡಿ.

ಮೀಟರ್ ಹೇಳುವ ಕಥೆ

'ಡಿಜಿಟಲ್ ಮೀಟರನ್ನು ಹಿಂದೆ ತಿರುಗಿಸಲು ಆಗುವುದಿಲ್ಲ' ಎಂಬ ನಂಬಿಕೆ ಗಟ್ಟಿಯಾಗಿದೆ. ನಿಜ ಇದಕ್ಕೆ ತದ್ವಿರುದ್ಧ. ಹಳೆಯ ಕಾಲದ ಹಲ್ಲುಚಕ್ರದ ಮೀಟರನ್ನು ಬಿಚ್ಚಿ ತಿರುಗಿಸಬೇಕಿತ್ತು, ಅಂಕಿಗಳು ಓರೆಯಾಗಿ ಕೂತು ಸಿಕ್ಕಿಬೀಳುತ್ತಿದ್ದವು. ಈಗ ಓಡಿದ ಕಿಲೋಮೀಟರ್ ಒಂದು ಚಿಕ್ಕ ಮೆಮೊರಿ ಚಿಪ್‌ನಲ್ಲಿ ಬರೆದಿರುವ ಸಂಖ್ಯೆ. ಸರಿಯಾದ ಸಲಕರಣೆ ಇದ್ದವರು ಅದನ್ನು ಬದಲಿಸಿದರೆ ಹೊರಗಿನಿಂದ ಯಾವ ಗುರುತೂ ಉಳಿಯುವುದಿಲ್ಲ.

ಆದರೆ ಕಾರಿನ ಉಳಿದ ಭಾಗಗಳ ನೆನಪನ್ನು ಅಷ್ಟು ಸುಲಭವಾಗಿ ಅಳಿಸಲಾಗದು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ತಯಾರಿಕಾ ಗುರುತು ಇರುತ್ತದೆ: 2319 ಎಂದರೆ 2019ರ 23ನೇ ವಾರ. ಕಾರು 2018ರದ್ದು, ಮೀಟರ್ 26,000 ತೋರಿಸುತ್ತಿದೆ, ಆದರೆ ನಾಲ್ಕೂ ಟೈರುಗಳು 2022ರವು ಎಂದಿಟ್ಟುಕೊಳ್ಳಿ. ಕಾರಿನ ಜೊತೆ ಬಂದ ಟೈರುಗಳು ಸಾಮಾನ್ಯವಾಗಿ 40–50 ಸಾವಿರ ಕಿಲೋಮೀಟರ್ ಬಾಳುತ್ತವೆ. ಹಾಗಿದ್ದರೆ ಅವನ್ನು ಅಷ್ಟು ಬೇಗ ಬದಲಿಸಿದ್ದೇಕೆ? ಉತ್ತರ ಇರಬಹುದು, ಕೇಳಬೇಕು ಅಷ್ಟೆ. ಬ್ರೇಕ್ ಪೆಡಲಿನ ರಬ್ಬರು ಸವೆದು ನುಣುಪಾಗಿದೆಯೇ, ಸ್ಟಿಯರಿಂಗಿನ ಮೇಲೆ ಕೈ ಹಿಡಿಯುವ ಜಾಗ ಮಿರುಗುತ್ತಿದೆಯೇ, ಚಾಲಕರ ಸೀಟಿನ ಹೊರಅಂಚು ಕುಸಿದಿದೆಯೇ ನೋಡಿ. ಮೀಟರ್ ಕಡಿಮೆ ಇದ್ದು ಇವೆಲ್ಲ ಸವೆದಿದ್ದರೆ ಲೆಕ್ಕ ತಾಳೆಯಾಗುತ್ತಿಲ್ಲ. ಹೊಚ್ಚಹೊಸ ಸೀಟ್ ಕವರು, ಸ್ಟಿಯರಿಂಗ್ ಕವರು ಇದ್ದರೆ ಅವುಗಳ ಕೆಳಗೆ ಇಣುಕಿ.

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರದ ದಾಖಲೆ. ಪ್ರತಿ ಸರ್ವಿಸ್‌ನಲ್ಲೂ ಆ ದಿನದ ಕಿಲೋಮೀಟರ್ ಕಂಪ್ಯೂಟರಿಗೆ ಸೇರುತ್ತದೆ. ಮಾಲೀಕರನ್ನೇ ಜೊತೆಗೆ ಕರೆದುಕೊಂಡು ಹೋಗಿ ಸರ್ವಿಸ್ ಹಿಸ್ಟರಿ ಕೇಳಿ. 2021ರಲ್ಲಿ 61,000 ಇದ್ದದ್ದು ಈಗ 48,000 ಆಗಿದ್ದರೆ ಬೇರೆ ವಿವರಣೆ ಬೇಕಿಲ್ಲ.

ಇದೇ ಜಾಗದಲ್ಲಿ ಇನ್ನೊಂದು ನಂಬಿಕೆಯನ್ನೂ ಬಿಡಿಸೋಣ. ಕಡಿಮೆ ಓಡಿದ ಕಾರು ಯಾವಾಗಲೂ ಒಳ್ಳೆಯದು ಎನ್ನುವುದು ಅರ್ಧಸತ್ಯ. ವರ್ಷಗಟ್ಟಲೆ ಕವರು ಹೊದ್ದು ನಿಂತ ಕಾರಿನ ಟೈರಿನ ರಬ್ಬರು ಓಡದಿದ್ದರೂ ಗಟ್ಟಿಯಾಗಿ ಬಿರುಕು ಬಿಡುತ್ತದೆ, ಬ್ಯಾಟರಿ ಸಾಯುತ್ತದೆ, ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿ ಕುದಿಯುವ ಬಿಂದು ಇಳಿಯುತ್ತದೆ. ಹಾಲು, ತರಕಾರಿಗೆಂದು ದಿನಕ್ಕೆ ಎರಡು ಕಿಲೋಮೀಟರ್ ಮಾತ್ರ ಓಡುವ ಕಾರಿನ ಎಂಜಿನ್ ಪೂರ್ತಿ ಬಿಸಿಯೇ ಆಗುವುದಿಲ್ಲ. ನಿಯಮಿತವಾಗಿ ಮೈಸೂರಿಗೆ ಹೋಗಿ ಬಂದು 80,000 ಮುಟ್ಟಿದ, ಸರ್ವಿಸ್ ದಾಖಲೆ ಪೂರ್ತಿ ಇರುವ ಕಾರು ಅದಕ್ಕಿಂತ ಆರೋಗ್ಯವಾಗಿರಬಹುದು.

ಬಣ್ಣದ ಕೆಳಗೆ ಏನಿದೆ?

ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಗೀರು ಬೀಳದ ಬಂಪರ್ ಹುಡುಕಿದರೂ ಸಿಗದು. ಬಂಪರಿಗೆ, ಬಾಗಿಲಿಗೆ ಮತ್ತೆ ಪೇಂಟ್ ಆಗಿದ್ದರೆ ಅದೇನೂ ದೊಡ್ಡ ದೋಷವಲ್ಲ, ಅದಕ್ಕಾಗಿ ಒಳ್ಳೆಯ ಕಾರು ಬಿಡಬೇಕಿಲ್ಲ. ಭಯಪಡಬೇಕಾದ್ದು ಕಾರಿನ ಅಸ್ಥಿಪಂಜರ ಪೆಟ್ಟು ತಿಂದಿದ್ದರೆ: ಬಾಗಿಲುಗಳ ನಡುವಿನ ಕಂಬಗಳು, ಛಾವಣಿ, ಎಂಜಿನ್ ಅಕ್ಕಪಕ್ಕದ ಏಪ್ರನ್, ಡಿಕ್ಕಿಯ ನೆಲ.

ಅಯಸ್ಕಾಂತ ಇಟ್ಟು ನೋಡುವ ಉಪಾಯ ಬಹಳ ಜನರಿಗೆ ಗೊತ್ತು. ಉಕ್ಕಿನ ಮೇಲೆ ದಪ್ಪ ಪುಟ್ಟಿ ಮೆತ್ತಿದ್ದರೆ ಅಯಸ್ಕಾಂತ ಸರಿಯಾಗಿ ಹಿಡಿಯುವುದಿಲ್ಲ, ತತ್ವ ಸರಿಯಾಗಿಯೇ ಇದೆ. ಆದರೆ ಪುಟ್ಟಿ ತೆಳುವಾಗಿದ್ದರೆ, ಅಥವಾ ಇಡೀ ಬಾಗಿಲನ್ನೇ ಬದಲಿಸಿದ್ದರೆ ಫ್ರಿಜ್ ಮೇಲಿನ ಅಯಸ್ಕಾಂತಕ್ಕೆ ಏನೂ ತಿಳಿಯದು. ಬಂಪರು ಪ್ಲಾಸ್ಟಿಕ್, ಅಲ್ಲಿ ಅದು ಎಂದೂ ಅಂಟದು. ವೃತ್ತಿಪರರು ಬಳಸುವುದು ಪೇಂಟ್ ದಪ್ಪ ಅಳೆಯುವ ಮೀಟರು. ಅದರ ತುದಿಯಿಂದ ಲೋಹ ಎಷ್ಟು ದೂರದಲ್ಲಿದೆ ಎಂಬುದಕ್ಕೆ ತಕ್ಕಂತೆ ಕಾಂತಕ್ಷೇತ್ರ ಬದಲಾಗುತ್ತದೆ, ಆ ಬದಲಾವಣೆಯನ್ನೇ ಮೈಕ್ರಾನ್‌ಗಳಲ್ಲಿ ತೋರಿಸುತ್ತದೆ. ಕಾರ್ಖಾನೆಯಲ್ಲಿ ಬಳಿದ ಬಣ್ಣ ಹೆಚ್ಚಾಗಿ 80ರಿಂದ 150 ಮೈಕ್ರಾನ್ ಇರುತ್ತದೆ, ಅಂದರೆ ಒಂದೆರಡು ತಲೆಗೂದಲಿನ ದಪ್ಪ. ಮತ್ತೆ ಬಳಿದದ್ದು 200–300 ದಾಟುತ್ತದೆ, ಪುಟ್ಟಿ ಇದ್ದಲ್ಲಿ ಇನ್ನೂ ಎಷ್ಟೋ ಮೇಲೆ. ಒಂದೇ ಸಂಖ್ಯೆಯನ್ನು ನೋಡಿ ತೀರ್ಮಾನಿಸಬಾರದು. ಎಡಬಾಗಿಲು 110, ಬಲಬಾಗಿಲು 420 ಎಂಬ ವ್ಯತ್ಯಾಸವೇ ಮಾತಾಡುವುದು.

ಮೀಟರು ಇಲ್ಲದವರು ಬೋಲ್ಟುಗಳನ್ನು ನೋಡಬಹುದು. ಬಾನೆಟ್, ಬಾಗಿಲು, ಫೆಂಡರ್ ಹಿಡಿದಿರುವ ಬೋಲ್ಟುಗಳಿಗೆ ಕಾರ್ಖಾನೆಯಲ್ಲಿ ಬಾಡಿಯ ಜೊತೆಗೇ ಬಣ್ಣ ಬಿದ್ದಿರುತ್ತದೆ. ಸ್ಪ್ಯಾನರ್ ಮುಟ್ಟಿದ್ದರೆ ಮೂಲೆಗಳಲ್ಲಿ ಬಣ್ಣ ಎದ್ದಿರುತ್ತದೆ. ಬಾಗಿಲಿನ ರಬ್ಬರ್ ಬೀಡಿಂಗನ್ನು ಸ್ವಲ್ಪ ಎಳೆದು ನೋಡಿದರೆ ಕಾರ್ಖಾನೆಯ ಸ್ಪಾಟ್ ವೆಲ್ಡ್ ಚುಕ್ಕೆಗಳು ಸಮ ಅಂತರದಲ್ಲಿ ಕಾಣಬೇಕು. ಅವು ಇಲ್ಲದೆ ಒರಟು ಬೆಸುಗೆಯ ಗೆರೆ ಇದ್ದರೆ ಆ ಭಾಗವನ್ನು ಕತ್ತರಿಸಿ ಜೋಡಿಸಿದ್ದಾರೆ. ಗಾಜುಗಳ ಮೂಲೆಯಲ್ಲಿ ತಯಾರಾದ ವರ್ಷದ ಗುರುತಿರುತ್ತದೆ, ಒಂದು ಗಾಜಿನ ವರ್ಷ ಮಾತ್ರ ಬೇರೆಯಾಗಿದ್ದರೆ ಯಾಕೆಂದು ಕೇಳಿ.

ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡು ಬೆಳಗಿ ಆರಬೇಕು. ಬೆಳಗುತ್ತಲೇ ಇದ್ದರೆ ದೋಷವಿದೆ ಎಂಬುದು ಎಲ್ಲರಿಗೂ ಗೊತ್ತು. ಬೆಳಗುವುದೇ ಇಲ್ಲವೆಂದರೆ ಅದಕ್ಕಿಂತ ಕೆಟ್ಟದ್ದು: ಏರ್‌ಬ್ಯಾಗ್ ಬಿಚ್ಚಿಕೊಂಡ ಮೇಲೆ ಹೊಸದು ಹಾಕದೆ ದೀಪವನ್ನೇ ಸುಮ್ಮನಾಗಿಸಿರಬಹುದು. 2019ರ ಜುಲೈನಿಂದ ಚಾಲಕರ ಏರ್‌ಬ್ಯಾಗ್ ಕಡ್ಡಾಯವಾಗಿದೆ, ಆದ್ದರಿಂದ ಆ ನಂತರದ ಯಾವ ಕಾರಿನಲ್ಲೂ ಈ ದೀಪ ಇರಲೇಬೇಕು.

ನೀರು ಕುಡಿದ ಕಾರು

ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಊರಿನಲ್ಲಿ ಪ್ರವಾಹದ ಕಾರು ಎಲ್ಲಿಂದ ಬರಬೇಕು ಎಂದು ಹಿಂದೆ ಅನ್ನಬಹುದಿತ್ತೇನೋ. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಬಳಿ ಬೆಂಗಳೂರು–ಮೈಸೂರು ಹೆದ್ದಾರಿಯೇ ಕೆರೆಯಂತಾಗಿ ವಾಹನಗಳು ಮುಳುಗಿದವು. ಅದರ ಮುಂದಿನ ವಾರ ಸೆಪ್ಟೆಂಬರಿನಲ್ಲಿ ಮಹದೇವಪುರ, ಬೆಳ್ಳಂದೂರು ಕಡೆಯ ಬಡಾವಣೆಗಳಲ್ಲಿ ಕಾರುಗಳು ದಿನಗಟ್ಟಲೆ ನೀರಿನಲ್ಲಿ ನಿಂತವು. 2023ರ ಮೇ ತಿಂಗಳಲ್ಲಿ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ನೀರಿಗೆ ಸಿಲುಕಿದ ಕಾರಿನಲ್ಲಿದ್ದ ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು. ಪಶ್ಚಿಮ ಬೆಂಗಳೂರೂ ಇದಕ್ಕೆ ಹೊರತಲ್ಲ: ರಾಜಾಜಿನಗರ, ವಿಜಯನಗರದ ಕಡೆಯ ರಾಜಕಾಲುವೆಗಳ ನೀರು ವೃಷಭಾವತಿ ಕಣಿವೆಗೆ ಇಳಿದು ನಾಯಂಡಹಳ್ಳಿ, ಕೆಂಗೇರಿ ದಾಟಿ ಬಿಡದಿಯತ್ತ ಸಾಗುತ್ತದೆ. ತಗ್ಗಿನ ರಸ್ತೆ ಮತ್ತು ನೆಲಮಾಳಿಗೆಯ ಪಾರ್ಕಿಂಗ್ ಎಲ್ಲಿದ್ದರೂ ಅಪಾಯವಿದ್ದೇ ಇದೆ.

ಮುಳುಗಿದ ಕಾರಿಗೆ ಏನಾಗುತ್ತದೆ? ಎಂಜಿನ್ ಓಡುತ್ತಿರುವಾಗ ಗಾಳಿ ಹೀರುವ ಕೊಳವೆಗೆ ನೀರು ನುಗ್ಗಿದರೆ ಪಿಸ್ಟನ್ ಗಾಳಿಯ ಬದಲು ನೀರನ್ನು ಒತ್ತಲು ಹೋಗುತ್ತದೆ. ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇದು ಒಂದೇ ಏಟಿಗೆ ತಿಳಿಯುವ ಹಾನಿ, ದುರಸ್ತಿಯೂ ಆಗುತ್ತದೆ. ನಿಂತ ಕಾರಿಗೆ ನೀರು ನುಗ್ಗಿದ್ದರ ಹಾನಿ ಹೆಚ್ಚು ಕಪಟಿ. ಕಾರ್ಪೆಟ್ಟಿನ ಕೆಳಗಿನ ವೈರು ಜೋಡಣೆಗಳಲ್ಲಿ, ಕಂಟ್ರೋಲ್ ಯೂನಿಟ್ಟುಗಳಲ್ಲಿ ಕೊಳಚೆ ನೀರು ಕೂತು ತಾಮ್ರ ಹಸಿರುಗಟ್ಟುತ್ತದೆ. ತೊಳೆದು ಒಣಗಿಸಿದ ಕಾರು ಮಾರುವ ದಿನ ಚೆನ್ನಾಗಿಯೇ ಓಡುತ್ತದೆ. ಆರು ತಿಂಗಳ ಮೇಲೆ ಕಿಟಕಿ ಗಾಜು ಏರುವುದಿಲ್ಲ, ಎಬಿಎಸ್ ದೀಪ ಬರುತ್ತದೆ, ನಡುರಸ್ತೆಯಲ್ಲಿ ಎಂಜಿನ್ ನಿಲ್ಲುತ್ತದೆ, ಕಾರಣ ಯಾವ ಗ್ಯಾರೇಜಿಗೂ ಸಿಗುವುದಿಲ್ಲ.

ದುರಸ್ತಿ ಖರ್ಚು ಕಾರಿನ ವಿಮಾ ಮೌಲ್ಯದ ಶೇ. 75 ದಾಟಿದರೆ ವಿಮಾ ಕಂಪನಿ ಅದನ್ನು 'ಟೋಟಲ್ ಲಾಸ್' ಎಂದು ಪರಿಗಣಿಸಿ ಮಾಲೀಕರಿಗೆ ಹಣ ಕೊಡುತ್ತದೆ, ಕಾರಿನ ಅವಶೇಷವನ್ನು ಹರಾಜಿಗೆ ಹಾಕುವುದೂ ಉಂಟು. ಹರಾಜಾದ ಕಾರುಗಳೆಲ್ಲ ಗುಜರಿಗೇ ಹೋಗುತ್ತವೆ ಎಂದೇನಿಲ್ಲ.

ಪತ್ತೆ ಹಚ್ಚಲು ದುಬಾರಿ ಸಲಕರಣೆ ಬೇಡ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ: ಸುರುಳಿಯ ಒಳಭಾಗದಲ್ಲಿ ಮಣ್ಣಿನ ಗೆರೆ, ಕಲೆ, ಮುಗ್ಗುಲು ವಾಸನೆ ಇದ್ದರೆ ನೀರು ಅಲ್ಲಿಯವರೆಗೆ ಬಂದಿತ್ತು. ಕಾರು ತೊಳೆಯುವವರು ಬೆಲ್ಟನ್ನು ಅಷ್ಟು ದೂರ ಎಳೆದು ತೊಳೆಯುವುದು ಕಡಿಮೆ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರ ಗುಂಡಿಯ ಮೂಲೆಗಳಲ್ಲಿ ಹೂಳು ಇದೆಯೇ ನೋಡಿ. ಸೀಟಿನ ಕೆಳಗಿನ ಹಳಿ ಮತ್ತು ಬೋಲ್ಟುಗಳಿಗೆ ತುಕ್ಕು ಹಿಡಿಯಲು ಒಣ ಕಾರಿನಲ್ಲಿ ಕಾರಣವೇ ಇಲ್ಲ. ಪಾದದ ಹತ್ತಿರದ ಕಾರ್ಪೆಟ್ಟಿನ ಅಂಚೆತ್ತಿ ಅಡಿಯ ಸ್ಪಂಜು ಮುಟ್ಟಿ ನೋಡಿ. ಹೆಡ್‌ಲೈಟಿನೊಳಗೆ ಮಂಜು ಕಟ್ಟಿದ್ದರೆ ಅಷ್ಟಕ್ಕೇ ತೀರ್ಮಾನ ಬೇಡ, ಮಳೆಗಾಲದಲ್ಲಿ ಅದು ಮಾಮೂಲಿಯೂ ಹೌದು. ಎಲ್ಲಕ್ಕಿಂತ ಮೊದಲು ಗಾಜುಗಳನ್ನು ಹತ್ತು ನಿಮಿಷ ಮುಚ್ಚಿಟ್ಟು, ಬಾಗಿಲು ತೆಗೆದ ತಕ್ಷಣ ಮೂಗಿಗೆ ಬಡಿಯುವುದನ್ನು ಗಮನಿಸಿ. ಒಟ್ಟಿಗೆ ಎರಡು ಮೂರು ಏರ್ ಫ್ರೆಶ್‌ನರ್ ತೂಗುಹಾಕಿದ್ದರೆ ಯಾವುದನ್ನು ಮುಚ್ಚಿಡುತ್ತಿದ್ದಾರೆ ಎಂದು ಯೋಚಿಸಿ.

ಕರಾವಳಿಯಿಂದ ಬಂದ ಕಾರುಗಳ (ಕೆಎ-19 ಮಂಗಳೂರು, ಕೆಎ-20 ಉಡುಪಿ, ಕೆಎ-30 ಕಾರವಾರ) ಅಡಿಭಾಗವನ್ನು ಇನ್ನಷ್ಟು ಗಮನವಿಟ್ಟು ನೋಡಬೇಕು. ಗಾಳಿಯಲ್ಲಿನ ಉಪ್ಪಿನ ಕ್ಲೋರೈಡ್ ತುಕ್ಕನ್ನು ವೇಗಗೊಳಿಸುತ್ತದೆ. ಗ್ಯಾರೇಜಿನ ರ‍್ಯಾಂಪ್ ಸಿಗದಿದ್ದರೆ ಹತ್ತಿರದ ವಾಟರ್ ಸರ್ವಿಸ್‌ನವರ ಲಿಫ್ಟ್ ಸಾಕು, ಐದು ನಿಮಿಷ ಎತ್ತಿಸಿ ಟಾರ್ಚ್ ಹಾಕಿ ನೋಡಿ.

ಎಂಜಿನ್: ತಣ್ಣಗಿರುವಾಗಲೇ ನೋಡಿ

ನೀವು ತಲುಪುವ ಹೊತ್ತಿಗೆ ಕಾರು ಬಿಸಿಯಾಗಿದ್ದರೆ, ತಣ್ಣಗಿದ್ದಾಗ ಕಾಣುವ ದೋಷಗಳು ಮರೆಯಾಗಿರುತ್ತವೆ. "ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ" ಎಂದು ಮೊದಲೇ ಹೇಳಿ, ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ.

ಹೊಗೆಯ ಬಣ್ಣದ ಬಗ್ಗೆ ಹಲವು ಮಾತುಗಳಿವೆ. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಸುಡುತ್ತಿದೆ, ಇದು ಸರಿ. ಕಪ್ಪು ಹೊಗೆ ಎಂದರೆ ಇಂಧನ ಪೂರ್ತಿ ಉರಿಯುತ್ತಿಲ್ಲ, ಇದೂ ಸರಿ. 'ಬಿಳಿ ಹೊಗೆ ಬಂದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ' ಎನ್ನುವುದು ಮಾತ್ರ ಯಾವಾಗಲೂ ನಿಜವಲ್ಲ. ಪೆಟ್ರೋಲಿನಲ್ಲಿರುವ ಹೈಡ್ರೋಜನ್ ಉರಿದರೆ ನೀರಾಗುತ್ತದೆ. ಲೆಕ್ಕ ಹಾಕಿದರೆ ಒಂದು ಲೀಟರ್ ಪೆಟ್ರೋಲಿನಿಂದ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಆವಿಯಾಗಿ ಸೈಲೆನ್ಸರಿನಿಂದ ಹೊರಬರುತ್ತದೆ. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಅದೇ ಆವಿ ಬೆಳ್ಳಗೆ ಕಾಣುತ್ತದೆ, ಹನಿಹನಿಯಾಗಿ ತೊಟ್ಟಿಕ್ಕುವುದೂ ಉಂಟು. ಎಂಜಿನ್ ಬಿಸಿಯಾದ ಮೇಲೂ ದಟ್ಟವಾದ ಬಿಳಿ ಹೊಗೆ ನಿಲ್ಲದಿದ್ದರೆ, ಸಿಹಿ ವಾಸನೆ ಇದ್ದರೆ, ಕೂಲೆಂಟ್ ಮಟ್ಟ ಇಳಿಯುತ್ತಿದ್ದರೆ ಆಗ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕು.

ಆಯಿಲ್ ಹಾಕುವ ಮುಚ್ಚಳ ತೆಗೆದು, ಅದನ್ನು ಬೋರಲಾಗಿ ಇಟ್ಟು 'ಕುಣಿಯುತ್ತಿದೆ, ಎಂಜಿನ್ ಹೋಗಿದೆ' ಎನ್ನುವ ಪರೀಕ್ಷೆ ನಮ್ಮ ಗ್ಯಾರೇಜುಗಳಲ್ಲಿ ಪ್ರಸಿದ್ಧ. ಪಿಸ್ಟನ್ ರಿಂಗುಗಳನ್ನು ದಾಟಿ ಸ್ವಲ್ಪ ಅನಿಲ ಕೆಳಗೆ ಸೋರುವುದು ಎಲ್ಲ ಎಂಜಿನ್‌ಗಳಲ್ಲೂ ಇದ್ದದ್ದೇ, ಡೀಸೆಲ್‌ನಲ್ಲಿ ತುಸು ಹೆಚ್ಚೇ. ಮುಚ್ಚಳ ಅಲುಗಿದ ಮಾತ್ರಕ್ಕೆ ಎಂಜಿನ್ ಕೆಟ್ಟಿಲ್ಲ. ಹಬೆಯಂತೆ ಒತ್ತಡದಿಂದ ನುಗ್ಗಿ ಆಯಿಲ್ ಸಿಡಿಯುತ್ತಿದ್ದರೆ ಕಂಪ್ರೆಷನ್ ಪರೀಕ್ಷೆ ಮಾಡಿಸಿ, ಅದು ಅಂಕಿಯಲ್ಲಿ ಉತ್ತರ ಕೊಡುತ್ತದೆ. ಮುಚ್ಚಳದ ಒಳಗೆ ಹಾಲಿನ ಕೆನೆಯಂಥದ್ದು ಕಂಡರೆ ಆಯಿಲ್‌ಗೆ ನೀರು ಬೆರೆತಿರಬಹುದು, ಅಥವಾ ಬರೀ ಚಿಕ್ಕ ಓಡಾಟದಿಂದ ತೇವ ಕಟ್ಟಿರಬಹುದು. ಡಿಪ್‌ಸ್ಟಿಕ್ಕಿನ ಆಯಿಲ್ ಸ್ವಚ್ಛವಾಗಿದ್ದರೆ ಎರಡನೆಯದರ ಸಾಧ್ಯತೆ ಹೆಚ್ಚು.

ಆನಂತರ ಸ್ಕ್ಯಾನರ್. 2013ರ ಏಪ್ರಿಲ್‌ನಿಂದ ದೇಶದಲ್ಲಿ ಕಾರುಗಳಿಗೆ ಒಬಿಡಿ-2 ವ್ಯವಸ್ಥೆ ಕಡ್ಡಾಯ. ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಚುಚ್ಚಿದರೆ ಎಂಜಿನ್ ಕಂಪ್ಯೂಟರ್ ದಾಖಲಿಸಿಟ್ಟ ದೋಷಗಳ ಕೋಡ್‌ಗಳು ಫೋನಿನಲ್ಲೇ ಕಾಣುತ್ತವೆ. ಆದರೆ 'ಸ್ಕ್ಯಾನ್ ಮಾಡಿದೆವು, ಒಂದೂ ಎರರ್ ಇಲ್ಲ' ಎಂಬ ಮಾತಿಗೆ ಬೆಲೆ ಕಡಿಮೆ, ಯಾಕೆಂದರೆ ಅದೇ ಸ್ಕ್ಯಾನರಿನಿಂದ ಅರ್ಧ ನಿಮಿಷದಲ್ಲಿ ಕೋಡ್‌ಗಳನ್ನು ಅಳಿಸಬಹುದು. ಅಳಿಸಿದ್ದೂ ಗೊತ್ತಾಗುತ್ತದೆ: ಕೋಡ್ ಅಳಿಸಿದಾಗ ಕಾರಿನ ಸ್ವಯಂ ಪರೀಕ್ಷೆಗಳೂ ಮೊದಲಿನಿಂದ ಶುರುವಾಗುತ್ತವೆ, ಅವು ಮುಗಿಯಲು ಕೆಲವು ದಿನಗಳ ಓಡಾಟ ಬೇಕು. ಆ್ಯಪಿನಲ್ಲಿ 'ರೆಡಿನೆಸ್' ಎಂಬ ಪುಟ ತೆರೆದು ಹಲವು ಪರೀಕ್ಷೆಗಳು ಅಪೂರ್ಣ ಎಂದು ತೋರಿಸಿದರೆ, ಅಥವಾ ಕೋಡ್ ಅಳಿಸಿದ ಮೇಲೆ ಓಡಿದ್ದು 6 ಕಿಲೋಮೀಟರ್ ಎಂದಿದ್ದರೆ, ನೀವು ಬರುವ ಸ್ವಲ್ಪ ಮೊದಲು ಯಾರೋ ಅಳಿಸಿದ್ದಾರೆ. ಇತ್ತೀಚೆಗೆ ಬ್ಯಾಟರಿ ಬಿಚ್ಚಿ ಹಾಕಿದ್ದರೂ ಕೆಲವು ಕಾರುಗಳಲ್ಲಿ ಹೀಗಾಗುತ್ತದೆ. ಎರಡು ಮೂರು ದಿನ ಬಿಟ್ಟು ಮತ್ತೆ ನೋಡಲು ಕೇಳಿದರೆ ಅನುಮಾನ ಪರಿಹಾರವಾಗುತ್ತದೆ.

ಓಡಿಸಿ ನೋಡುವುದು

ಸಂಜೆ ಮಾಗಡಿ ರಸ್ತೆಯ ಟ್ರಾಫಿಕ್ಕಿನಲ್ಲಿ ಎರಡನೇ ಗೇರಿನಲ್ಲಿ ತೆವಳಿದರೆ ಕಾರಿನ ಬಗ್ಗೆ ಏನೂ ತಿಳಿಯದು. ಬೆಳಿಗ್ಗೆ ಬೇಗ ಹೋಗಿ. ಮಹಾಲಕ್ಷ್ಮಿ ಬಡಾವಣೆಯ ಏರುಗಳು ಕ್ಲಚ್ ಪರೀಕ್ಷೆಗೆ ಹೇಳಿ ಮಾಡಿಸಿದಂತಿವೆ: ಏರಿನಲ್ಲಿ ಮೂರನೇ ಗೇರ್ ಹಾಕಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಸದ್ದು ಏರಿ ವೇಗ ಮಾತ್ರ ಏರದಿದ್ದರೆ ಕ್ಲಚ್ ಜಾರುತ್ತಿದೆ. ಕೆಂಗೇರಿ ಕಡೆಯವರಾದರೆ ನೈಸ್ ರಸ್ತೆಯಲ್ಲಿ ವೇಗಮಿತಿಯೊಳಗೆ 80ರವರೆಗೆ ಹೋಗಿ, ಸ್ಟಿಯರಿಂಗ್ ನಡುಗುತ್ತದೆಯೇ, ಹಿಂದೆ ಯಾರೂ ಇಲ್ಲದಾಗ ಬ್ರೇಕ್ ಒತ್ತಿದರೆ ಪೆಡಲ್ ಅದುರುತ್ತದೆಯೇ ನೋಡಬಹುದು. ರಸ್ತೆ ಮಧ್ಯಕ್ಕೆ ಉಬ್ಬಿರುವುದರಿಂದ ಕಾರು ತುಸು ಎಡಕ್ಕೆ ಎಳೆಯುವುದು ಸಹಜ, ಬೇರೆ ಬೇರೆ ಕಡೆ ನೋಡದೆ ಅಲೈನ್‌ಮೆಂಟ್ ಕೆಟ್ಟಿದೆ ಎನ್ನಬೇಡಿ. ಹಂಪ್‌ಗಳಿಗೆ ನಮ್ಮಲ್ಲಿ ಬರವಿಲ್ಲ, ಸಸ್ಪೆನ್ಷನ್ನಿನ 'ಟಕ್ ಟಕ್' ಕೇಳಲು ಎಫ್‌ಎಂ ಆಫ್ ಮಾಡಿ, ಕಿಟಕಿ ಇಳಿಸಿ ಓಡಿಸಿ. ಏಸಿ ಹಾಕಿಯೂ ಹಾಕದೆಯೂ ಓಡಿಸಿ.

ಯಾರಿಂದ ತಪಾಸಣೆ?

ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆ, ರಾಜಾಜಿನಗರದ ಕೈಗಾರಿಕಾ ಪ್ರದೇಶದ ಸುತ್ತ ಒಳ್ಳೆಯ ಗ್ಯಾರೇಜುಗಳಿಗೆ ಕೊರತೆಯಿಲ್ಲ. ಪ್ರಶ್ನೆ ಇರುವುದು ಮೆಕ್ಯಾನಿಕ್ ಯಾರ ಕಡೆಯವರು ಎಂಬುದರಲ್ಲಿ. ಬ್ರೋಕರ್ ಕರೆತಂದ ಮೆಕ್ಯಾನಿಕ್‌ಗೆ ವ್ಯವಹಾರ ಕುದುರಿದರೆ ಲಾಭ, ಮುರಿದರೆ ನಷ್ಟ. ನಿಮ್ಮಿಂದ ಕೂಲಿ ಪಡೆದು, ಕಾರು ಮಾರಾಟವಾದರೂ ಆಗದಿದ್ದರೂ ಅಷ್ಟೇ ಪಡೆಯುವವರೇ ನಿಜವಾದ ತಪಾಸಕರು. ಆ ಮಾದರಿಯ ಕಾರನ್ನೇ ದಿನವೂ ಬಿಚ್ಚುವವರಾದರೆ ಇನ್ನೂ ಒಳ್ಳೆಯದು. ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಒಯ್ದು ಶುಲ್ಕ ಕಟ್ಟಿ ನೋಡಿಸುವುದೂ ಸಾಧ್ಯ. 'ಇನ್ನೂರು ಅಂಶಗಳ ತಪಾಸಣೆ' ಎಂಬ ಜಾಹೀರಾತಿನಲ್ಲಿ ವೈಪರ್, ಹಾರ್ನ್, ಕಪ್ ಹೋಲ್ಡರ್‌ಗಳೂ ಅಂಶಗಳೇ. ಪೇಂಟ್ ಮೀಟರ್ ಇಟ್ಟರೇ, ಕಂಬಗಳ ಬೀಡಿಂಗ್ ಎತ್ತಿದರೇ, ಲಿಫ್ಟಿನಲ್ಲಿ ಎತ್ತಿದರೇ ಎಂದು ಕೇಳಿ. ಮಾರುವವರೇ ಕೊಟ್ಟ ವರದಿಯನ್ನು ಓದಿ, ಆದರೆ ಅದನ್ನೇ ನಿಮ್ಮ ತಪಾಸಣೆ ಎಂದುಕೊಳ್ಳಬೇಡಿ.

ಇನ್ನು ಕೆಲವು ಮಾತುಗಳು

'15 ವರ್ಷ ಆದರೆ ಗುಜರಿಗೇ ಹಾಕಬೇಕು': ಕರ್ನಾಟಕದಲ್ಲಿ ಹಾಗಿಲ್ಲ. ಖಾಸಗಿ ಕಾರಿನ ನೋಂದಣಿ 15 ವರ್ಷ, ಆಮೇಲೆ ಆರ್‌ಟಿಒದಲ್ಲಿ ತೋರಿಸಿ, ಹಸಿರು ತೆರಿಗೆ ಕಟ್ಟಿ, ಐದೈದು ವರ್ಷಕ್ಕೆ ನವೀಕರಿಸಬಹುದು. 2022ರ ಏಪ್ರಿಲ್‌ನಲ್ಲಿ ಕಾರಿನ ನವೀಕರಣ ಶುಲ್ಕವನ್ನು 600ರಿಂದ 5,000 ರೂಪಾಯಿಗೆ ಏರಿಸಿದ್ದರಿಂದ 14 ವರ್ಷದ ಕಾರಿನ ಚೌಕಾಸಿಯಲ್ಲಿ ಈ ಖರ್ಚನ್ನೂ ಸೇರಿಸಿಕೊಳ್ಳಿ.

'ದೆಹಲಿ ಕಾರು ಅಗ್ಗ': ಹತ್ತು ವರ್ಷದ ಡೀಸೆಲ್ ಕಾರುಗಳ ಮೇಲೆ ಅಲ್ಲಿ ಬಿದ್ದ ನಿರ್ಬಂಧದಿಂದ ಬೆಲೆ ಇಳಿದದ್ದು ನಿಜ. ಆದರೆ ಬೇರೆ ರಾಜ್ಯದ ಕಾರನ್ನು ಇಲ್ಲಿ 12 ತಿಂಗಳು ಮೀರಿ ಇಟ್ಟುಕೊಂಡರೆ ಕಾನೂನಿನಂತೆ ಕೆಎ ನಂಬರು ಪಡೆಯಬೇಕು, ಅಲ್ಲಿಯ ಎನ್‌ಒಸಿ ತರಬೇಕು, ಕರ್ನಾಟಕದ ಜೀವಿತಾವಧಿ ತೆರಿಗೆ ಕಟ್ಟಬೇಕು. ಕೂಡಿಸಿ ನೋಡಿದರೆ ಅಗ್ಗ ಎಷ್ಟೋ ಸಲ ಉಳಿಯುವುದಿಲ್ಲ.

'ಹಳೆ ಕಾರಿಗೂ ಶೇ. 18 ಜಿಎಸ್‌ಟಿ': ನೋಂದಾಯಿತ ವ್ಯಾಪಾರಿಗಳಿಗೆ, ಅದೂ ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ವ್ಯತ್ಯಾಸದ ಮೇಲೆ ಮಾತ್ರ. ಪಕ್ಕದ ಮನೆಯವರಿಂದ ನೀವು ಕೊಂಡರೆ ಜಿಎಸ್‌ಟಿ ಇಲ್ಲ.

ಹೆಸರು ಬದಲಾಗುವವರೆಗೆ

ಮೋಟಾರು ವಾಹನ ಕಾಯ್ದೆಯಂತೆ ಒಂದೇ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ ವರ್ಗಾವಣೆಗೆ ಅರ್ಜಿ ಹಾಕಬೇಕು. ಫಾರಂ 29 ಮತ್ತು 30 ಇದಕ್ಕೇ. ನೋಂದಾಯಿತ ಹಳೆ ಕಾರು ವ್ಯಾಪಾರಿಗೆ ಗಾಡಿ ಒಪ್ಪಿಸುವಾಗ 2023ರ ಏಪ್ರಿಲ್‌ನಿಂದ ಫಾರಂ 29ಸಿ ಇದೆ. ಖಾಲಿ ಫಾರಂಗೆ ಸಹಿ ಹಾಕಿಸಿಟ್ಟುಕೊಂಡು, ಆರ್‌ಸಿಯಲ್ಲಿ ಹಳೆಯ ಹೆಸರನ್ನೇ ಉಳಿಸಿ ಗಾಡಿಯನ್ನು ಕೈಯಿಂದ ಕೈಗೆ ದಾಟಿಸುವ ಅಭ್ಯಾಸ ಎಷ್ಟು ದುಬಾರಿ ಎಂಬುದನ್ನು 2018ರ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣ ತೋರಿಸಿತು. ಮಾರಿದ ಮೇಲೆ ಹಲವರ ಕೈ ದಾಟಿದ್ದ ಕಾರು ಅಪಘಾತ ಮಾಡಿ ಒಬ್ಬ ಬಾಲಕ ಸತ್ತಿದ್ದ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರ ಅವರ ಹೊಣೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ಹೆಸರು ಬದಲಿಸಲು ಆತುರಪಡಬೇಕಾದ್ದು ಕೊಂಡವರಷ್ಟೇ ಅಲ್ಲ, ಮಾರಿದವರೂ ಹೌದು.

ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಕಂಪನಿಗೆ 14 ದಿನದೊಳಗೆ ಅರ್ಜಿ ಕೊಡಬೇಕು. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ ಅವರ ಜೊತೆಗೇ ಹೋಗುತ್ತದೆ, ಕಾರಿನ ಜೊತೆ ಬರುವುದಿಲ್ಲ, ಆ ವ್ಯತ್ಯಾಸದ ಹಣವನ್ನು ನೀವು ಕಟ್ಟಬೇಕಾಗುತ್ತದೆ. ಟೋಕನ್ ಅಡ್ವಾನ್ಸ್ ಕೊಡುವಾಗ 'ತಪಾಸಣೆಯಲ್ಲಿ ದೋಷ ಕಂಡರೆ ಹಿಂತಿರುಗಿಸಲಾಗುವುದು' ಎಂಬ ಒಂದು ಸಾಲನ್ನು ರಸೀದಿಯಲ್ಲಿ ಬರೆಸಿ. ಬಾಕಿಯ ಒಂದಿಷ್ಟು ಹಣವನ್ನು ಆರ್‌ಸಿ ನಿಮ್ಮ ಹೆಸರಿಗೆ ಬಂದ ದಿನ ಕೊಡುವುದಾಗಿ ಮೊದಲೇ ಮಾತಾಡಿಕೊಳ್ಳಿ. ಎಚ್‌ಪಿ ತೆಗೆಸುವುದು, ಬಾಕಿ ದಂಡ ಕಟ್ಟುವುದು ಮಾರುವವರ ಕೆಲಸ ಎಂದೂ ಅದೇ ಕಾಗದದಲ್ಲಿ ಸೇರಿಸಿ.